ಮೋಸಹೋದವನ ಪಾಲು

ಪರರ ಹಣವನ್ನು ಕದಿಯುವುದು ತಪ್ಪೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಕಳ್ಳ ಸಿಕ್ಕದೆ ಹೋದಾಗ ಆ ನಷ್ಟವನ್ನು ಯಾರು ಹೊರಬೇಕು? ಬ್ಯಾಂಕು ಅಂಗೈಯೊಳಗಿನ ಫೋನಿಗೆ ಬಂದಿರುವ ಈ ಕಾಲದಲ್ಲಿ ಅದು ಮನೆಮನೆಯ ಪ್ರಶ್ನೆಯಾಗಿದೆ.

ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಯೋಚಿಸದೆ ಬಿಟ್ಟವರಲ್ಲ. ನಂಬಿ ಇಟ್ಟ ನಿಕ್ಷೇಪವು ರಾಜನಿಂದಾಗಲಿ, ದೈವದಿಂದಾಗಲಿ, ಕಳ್ಳರಿಂದಾಗಲಿ ಹೋದರೆ ಇಟ್ಟುಕೊಂಡವನು ಅದನ್ನು ತೆರಬೇಕಾಗಿಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕೇಳಿದಾಗ ಕೊಡದೆ ಇದ್ದು ಆಮೇಲೆ ಕಳೆದರೆ ಮಾತ್ರ ತೆರಬೇಕು. ಈ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು.

ಈ ನ್ಯಾಯ ಬ್ಯಾಂಕಿಗೆ ಒಪ್ಪೀತೆ? ಒಪ್ಪದು. ನಿಕ್ಷೇಪ ಇಟ್ಟುಕೊಂಡವನು ಅದನ್ನು ಬಳಸುವಂತಿಲ್ಲ. ಬ್ಯಾಂಕಾದರೋ ನಮ್ಮ ಹಣವನ್ನು ಸಾಲ ಕೊಟ್ಟು ಲಾಭ ಪಡೆಯುತ್ತದೆ. ಬ್ಯಾಂಕು ಗ್ರಾಹಕನಿಗೆ ಸಾಲಗಾರನೆಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1848ರಲ್ಲಿಯೇ ತೀರ್ಮಾನಿಸಿತು. ಹಾಗಿದ್ದ ಮೇಲೆ, ನಾನು ಹೇಳದೆ ನನ್ನ ಲೆಕ್ಕದಿಂದ ಹಣ ಹೋದರೆ ಕಳ್ಳ ವಂಚಿಸಿದ್ದು ಬ್ಯಾಂಕನ್ನು, ನನ್ನನ್ನಲ್ಲ.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಈ ತತ್ತ್ವಕ್ಕೆ ಬಹುಮಟ್ಟಿಗೆ ಮನ್ನಣೆ ಕೊಟ್ಟಿತು. ದೋಷ ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ದೋಷ ಇಬ್ಬರದೂ ಅಲ್ಲದಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ಏಳು ದಿನಗಳೊಳಗೆ ತಿಳಿಸಿದರೆ ಸಾಧಾರಣ ಉಳಿತಾಯ ಖಾತೆಯವನ ಪಾಲು 10,000 ರೂಪಾಯಿ ಮೀರದು. ತಪ್ಪು ಗ್ರಾಹಕನದೆಂದು ಸಾಧಿಸುವ ಹೊಣೆಯೂ ಬ್ಯಾಂಕಿನದೇ. ಆದರೆ ಗ್ರಾಹಕನೇ ಅಜಾಗರೂಕತೆಯಿಂದ ಗುಟ್ಟಿನ ಸಂಖ್ಯೆಯನ್ನು ಹೇಳಿಬಿಟ್ಟರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು.

ತೊಡಕು ಇರುವುದು ಇಲ್ಲಿಯೇ. ಕಾರ್ಡಿನ ಬೆನ್ನ ಮೇಲೆಯೇ ಪಿನ್ ಬರೆದಿಟ್ಟವನು ಅಜಾಗರೂಕ, ಒಪ್ಪೋಣ. ‘ಇಂದು ರಾತ್ರಿ ನಿಮ್ಮ ಮನೆಯ ಕರೆಂಟು ಕಡಿಯುತ್ತೇವೆ’ ಎಂದೋ, ‘ನಿಮ್ಮ ಮೇಲೆ ಪೊಲೀಸ್ ಕೇಸಿದೆ’ ಎಂದೋ ಗದರಿಸಿದ ದನಿಗೆ ನಡುಗಿ ಓಟಿಪಿ ಹೇಳಿಬಿಟ್ಟ ವೃದ್ಧೆಯನ್ನೂ ಅದೇ ಹೆಸರಿನಿಂದ ಕರೆಯಬಹುದೆ? ಮೊದಲನೆಯದು ಸೋಮಾರಿತನ; ಎರಡನೆಯದು ಭಯ. ಅಧಿಕಾರದ ದನಿಗೆ ತಲೆಬಾಗುವುದನ್ನು ಆಕೆಗೆ ಜೀವಮಾನವೆಲ್ಲ ಕಲಿಸಿದವರು ನಾವೇ ಅಲ್ಲವೆ?

‘ನಷ್ಟವನ್ನೆಲ್ಲ ತುಂಬಿಕೊಟ್ಟರೆ ಜನ ಎಚ್ಚರ ತಪ್ಪುತ್ತಾರೆ, ಸುಳ್ಳು ದೂರುಗಳೂ ಬರುತ್ತವೆ’ ಎಂಬ ಆಕ್ಷೇಪಣೆ ಉಂಟು. ಅದು ಹುರುಳಿಲ್ಲದ ಮಾತಲ್ಲ. ಆದರೆ ನಷ್ಟವೆಲ್ಲ ಗ್ರಾಹಕನದೇ ಆದರೆ ಬ್ಯಾಂಕಿಗೆ ತಾನೇ ಎಚ್ಚರವೇಕೆ ಬಂದೀತು? ಕದ್ದ ಹಣ ಹೋಗಿ ಸೇರುವುದೂ ಸಾಮಾನ್ಯವಾಗಿ ಯಾವುದೋ ಬ್ಯಾಂಕಿನ ಖಾತೆಗೇ. ಗುರುತು ಪರೀಕ್ಷಿಸಿ ಆ ಖಾತೆ ತೆರೆದವರಿಗೆ ಹೊಣೆಯಿಲ್ಲವೆ?

ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಂದು ಜಾರಿಗೆ ಬಂದ ನಿಯಮ ಈ ಎರಡು ಮಾತುಗಳನ್ನೂ ತೂಗಿನೋಡಿದೆ. ಮೋಸಹೋಗಿ ತಾನಾಗಿಯೇ ಹಣ ಕಳಿಸಿದವನಿಗೂ 85,000 ಪೌಂಡಿನವರೆಗೆ ಪರಿಹಾರವುಂಟು. ಕಳಿಸಿದ ಸಂಸ್ಥೆ, ಪಡೆದ ಸಂಸ್ಥೆಗಳು ಅದನ್ನು ಅರ್ಧರ್ಧ ಹೊರಬೇಕು. ಗ್ರಾಹಕನ ಪಾಲಿಗೆ 100 ಪೌಂಡಿನವರೆಗೆ ಬಿಡಬಹುದು. ಘೋರವಾದ ಅಜಾಗರೂಕತೆಗೆ ಮಾತ್ರ ಪರಿಹಾರವಿಲ್ಲ. ದುರ್ಬಲ ಸ್ಥಿತಿಯಲ್ಲಿರುವವರಿಗೆ ಆ ನಿರ್ಬಂಧವೂ ಇಲ್ಲ.

ಮೋಸಹೋದವನಿಗೂ ಒಂದು ಪಾಲಿರಲಿ; ಅದು ಎಚ್ಚರ ಕಲಿಸುವಷ್ಟಿರಲಿ, ಮನೆ ಮುಳುಗಿಸುವಷ್ಟಲ್ಲ. ಉಳಿದುದನ್ನು, ವ್ಯವಸ್ಥೆಯಿಂದ ಲಾಭ ಪಡೆಯುವವರೂ ಅದನ್ನು ಭದ್ರಪಡಿಸಬಲ್ಲವರೂ ಹೊರುವುದು ಧರ್ಮ. ನಂಬುವುದೇ ಅಪರಾಧವಾದರೆ ಬ್ಯಾಂಕನ್ನಾದರೂ ಯಾರು ನಂಬಿಯಾರು?