ಎರಡು ಹಾಸಿನ ನಡುವೆ

ಹೋದ ದೀಪಾವಳಿಗೆ ನವನಗರದ ಮನೆಗೆ ಹೋದಾಗ ಒಂದು ಫೋನ್ ಬಂತು. ಬೀಳಗಿ ಕಡೆಯ ಹುಡುಗ, ನನ್ನ ಕಾಲೇಜಿನ ಜೂನಿಯರ್. "ಸರ, ವಾರ ಆತು, ನಮ್ಮ ಆ್ಯಪ್‌ನ್ಯಾಗ ಪೇಮೆಂಟ್ ಆಗವಲ್ದು. ನೀವು ಹೆಂಗ ಸರಿ ಮಾಡಿದ್ರಿ?"

ಉತ್ತರ ನನಗೆ ಗೊತ್ತಿತ್ತು. ನಾವಿಬ್ಬರೂ ಬಳಸೋ ಪ್ಲಾಟ್‌ಫಾರ್ಮ್‌ನವರು ತಮ್ಮ ಎಪಿಐ ಬದಲಿಸಿದ್ದರು, ಹೊರಗಿನ ಡೆವಲಪರ್‌ಗಳಿಗೆ ಒಂದು ಮಾತೂ ಹೇಳದೆ. ಅದನ್ನ ಕಂಡುಹಿಡಿಯೋಕೆ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ, ಅವರನ್ನ ಬಾಯಿಗೆ ಬಂದಂಗೆ ಬೈದಿದ್ದೆ. ಆದರೂ ಹುಡುಗನಿಗೆ "ನೋಡೂಣು ತಡಿ" ಅಂದು ಫೋನ್ ಇಟ್ಟೆ. ನಿದ್ದೆಗೆಟ್ಟಿದ್ದು ನಾನು, ಪುಕ್ಕಟೆ ಯಾಕೆ ಕೊಡಲಿ ಅನ್ನಿಸ್ತು.

ಮರುದಿನ ಇಳಕಲ್‌ನ ಸೋದರತ್ತೆ ಮನೆಗೆ ಹೋದೆ. ಅಲ್ಲಿ ಮಗ್ಗ ಇದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು, ಇಲ್ಲಾಂದ್ರೆ ಕೃತಕ ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸ್ತಾರೆ. ಎಪಿಐ ಅಂದ್ರೂ ಇಷ್ಟೇ: ಅವರ ಹಾಸಿಗೆ ನಮ್ಮ ಹಾಸು ಸೇರೋ ಜಾಗ. ಒಂದು ಕಡೆಯ ಎಳೆ ಲೆಕ್ಕ ತಪ್ಪಿದರೆ ಎರಡೂ ಕಡೆಯ ದುಡಿಮೆ ಹಾಳು.

ಪ್ಲಾಟ್‌ಫಾರ್ಮ್ ಮಾಲೀಕರ ವಾದ ಪೂರ್ತಿ ಸುಳ್ಳಲ್ಲ. ಕೋಡ್ ಅವರದು. ಭದ್ರತೆಯ ಲೋಪವನ್ನ ಸರಿಪಡಿಸೋ ಮುಂಚೆ ಊರಿಗೆಲ್ಲ ಸಾರೋಕೂ ಆಗಲ್ಲ. ಒಳಗಿನ ನೇಯ್ಗೆ ಗುಟ್ಟಾಗಿರಲಿ. ಆದರೆ ಕುಣಿಕೆ ಹಾಕೋ ಲೆಕ್ಕ ಒಬ್ಬರ ಆಸ್ತಿ ಅಲ್ಲ. "ಬನ್ನಿ, ನಮ್ಮ ಮೇಲೆ ಕಟ್ಟಿ" ಅಂತ ಕರೆದ ದಿನವೇ ಅದು ಇಬ್ಬರದೂ ಆಯ್ತು.

ಕನ್ನಡದವರು ಇದನ್ನ ಕಂಡಿದ್ದೇವೆ. ಹಳೇ ಫಾಂಟ್‌ಗಳಲ್ಲಿ ಒಂದೊಂದಕ್ಕೂ ಒಂದೊಂದು ಸಂಕೇತ. ಒಬ್ಬರು ಕಳಿಸಿದ ಫೈಲ್ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಚಿತ್ರವಿಚಿತ್ರವಾಗಿ ಕಾಣ್ತಿತ್ತು. ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಪಟ್ಟಿಯನ್ನ ಎಲ್ಲರ ಮುಂದಿಟ್ಟಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಕೀಬೋರ್ಡ್ ಕತೆಯೂ ಹಂಗೇ. ಕೆ.ಪಿ. ರಾವ್ ತಾವು ರೂಪಿಸಿದ ವಿನ್ಯಾಸವನ್ನ ಕಟ್ಟಿಡಲಿಲ್ಲ. ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ಅದೇ ಬುನಾದಿ ಆಯ್ತು, 'ನುಡಿ'ಯೂ ಅದರ ಮೇಲೇ ನಿಂತಿತು. ಒತ್ತಕ್ಷರ ಬೇಕಾದರೆ ಎರಡು ಅಕ್ಷರದ ನಡುವೆ 'ಎಫ್' ಒತ್ತಬೇಕು ಅನ್ನೋದು ನಮ್ಮ ತಾಲೂಕು ಆಫೀಸಿನ ಟೈಪಿಸ್ಟ್‌ಗೂ ಗೊತ್ತು. ಅದು ಗುಟ್ಟಾಗಿದ್ದಿದ್ದರೆ ಹೊಸ ತಂತ್ರಾಂಶ ಬಂದಾಗಲೆಲ್ಲ ಅವರು ಬೆರಳಿಗೆ ಹೊಸ ಪಾಠ ಹೇಳಬೇಕಿತ್ತು.

ಇಷ್ಟೆಲ್ಲ ನ್ಯಾಯ ಮಾತಾಡೋ ನಾನು ಆ ಹುಡುಗನಿಗೆ ಮಾಡಿದ್ದೇನು? ಪ್ಲಾಟ್‌ಫಾರ್ಮ್‌ನವರು ನನಗೆ ಮಾಡಿದ್ದನ್ನೇ. ಅವರಿಗೆ ಸಾವಿರಾರು ಡೆವಲಪರ್‌ಗಳ ಮೇಲೆ ಅಧಿಕಾರ ಇತ್ತು, ನನಗೆ ಒಬ್ಬನ ಮೇಲೆ. ಸಿಕ್ಕಷ್ಟನ್ನ ನಾನೂ ಬಳಸಿಕೊಂಡೆ.

ವಾಪಸ್ ಬರ್ತಾ ಹುನಗುಂದದಲ್ಲಿ ಬಸ್ ನಿಂತಾಗ ಅವನಿಗೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. ಅವನು, "ಸರ, ಇದನ್ನ ಕಂಪನಿಯವರಿಗೂ ಬರದು ತಿಳಿಸೂಣೇನ್ರಿ? ಉಳದವ್ರಿಗೂ ಅನುಕೂಲ ಆಕ್ಕೈತಿ" ಅಂದ.

ಆ ಯೋಚನೆ ನನಗೆ ಬಂದೇ ಇರಲಿಲ್ಲ.