ವಿನಯವೂ ಪ್ರಶ್ನೆಯೂ: ಕಾಲೇಜಿನಲ್ಲಿ ಗುರು-ಶಿಷ್ಯರ ಅಭಿಪ್ರಾಯಭೇದ

ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವಕ್ಕೆ ಒಂದು ದಿನ, ಉತ್ತಮ ಸತ್ಯಕ್ಕೆ ಇನ್ನೊಂದು ದಿನ ಮೀಸಲಾಗಿದೆ. ಮಾರ್ದವವೆಂದರೆ ಅಹಂಕಾರವಳಿದ ಮೃದುತ್ವ. ಸತ್ಯವೆಂದರೆ ಇದ್ದುದನ್ನು ಇದ್ದಂತೆ ನುಡಿಯುವುದು. ಬಸದಿಯಲ್ಲಿ ಇವೆರಡಕ್ಕೂ ವಿರೋಧವಿಲ್ಲ. ಆದರೆ ಕಾಲೇಜಿನ ತರಗತಿಯಲ್ಲಿ ಇವೆರಡೂ ಒಂದೇ ಗಳಿಗೆಯಲ್ಲಿ ಎದುರುಬದುರಾಗಿ ನಿಲ್ಲುವ ಪ್ರಸಂಗ ಬರುತ್ತದೆ.

ಇತಿಹಾಸದ ಪ್ರಾಧ್ಯಾಪಕರು ಪಾಠ ಹೇಳುತ್ತ, "ಜೈನ ಧರ್ಮದ ಸ್ಥಾಪಕನು ಮಹಾವೀರ" ಎಂದು ನುಡಿದರೆನ್ನಿ. ತರಗತಿಯಲ್ಲಿರುವ ಜೈನ ವಿದ್ಯಾರ್ಥಿನಿಯೊಬ್ಬಳು ಬಾಲ್ಯದಿಂದಲೂ ಇಪ್ಪತ್ನಾಲ್ಕು ತೀರ್ಥಂಕರರ ನಾಮಸ್ಮರಣೆ ಮಾಡಿ ಬೆಳೆದವಳು. ಅವಳು ಎದ್ದು ಹೇಳಬೇಕೇ, ಸುಮ್ಮನಿರಬೇಕೇ? "ಗುರುಗಳಿಗೆ ಎದುರಾಡಬೇಡವ್ವಾ" ಎನ್ನುತ್ತಾರೆ ತಾಯಿ. "ಅಂಕ ಅವರ ಕೈಯಲ್ಲಿದೆ" ಎನ್ನುತ್ತಾರೆ ತಂದೆ. ಗಡಿನಾಡಿನ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಮನೆಮಾತು ಕನ್ನಡ, ತರಗತಿಯ ಮಾತು ಮರಾಠಿ, ಮಲಯಾಳಂ, ತೆಲುಗು ಇಲ್ಲವೇ ಇಂಗ್ಲಿಷ್. ಕನ್ನಡದಲ್ಲಿ "ತಾವು" ಎಂದು ಬಾಗಿ ಕೇಳಬಲ್ಲ ಮಗುವಿನ ಪ್ರಶ್ನೆಯು ಪರಭಾಷೆಯಲ್ಲಿ ತಕ್ಕ ಗೌರವವಾಚಕ ದೊರೆಯದೆ ಒರಟಾಗಿ ಕೇಳಿಸಬಹುದು. ಉದ್ಧಟತನವಿಲ್ಲದ ಕಡೆ ಉದ್ಧಟತನ ಕಾಣುವುದು ಹೀಗೆ.

ಮೌನವೇ ವಿನಯವೆಂಬುದು ಶಾಸ್ತ್ರದ ಅಭಿಪ್ರಾಯವಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಅಂತರಂಗ ತಪಸ್ಸುಗಳನ್ನು ಹೇಳುವಾಗ ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ ಇವುಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಸ್ವಾಧ್ಯಾಯದ ಐದು ಪ್ರಕಾರಗಳಲ್ಲಿ ವಾಚನೆಯಾದ ಬಳಿಕ ಬರುವುದೇ ಪೃಚ್ಛನಾ, ಅಂದರೆ ಸಂಶಯ ಪರಿಹಾರಕ್ಕಾಗಿ ಪ್ರಶ್ನಿಸುವುದು. ಬಾಗುವುದೂ ತಪಸ್ಸು, ಪ್ರಶ್ನಿಸುವುದೂ ತಪಸ್ಸು, ತಪ್ಪಿದ್ದರೆ ತಿದ್ದಿಕೊಳ್ಳುವುದೂ ತಪಸ್ಸು. ಅಂಕ ಹೋಗುವ ಭಯದಿಂದ ತಾಳುವ ಮೌನ ಈ ಮೂರರಲ್ಲಿ ಯಾವುದೂ ಅಲ್ಲ.

ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನ ಕಥೆಯಿದೆ. ವಾಣಿಜ್ಯಗ್ರಾಮದ ಗೃಹಸ್ಥನಾದ ಆನಂದನು ಅಂತ್ಯಕಾಲದ ವ್ರತದಲ್ಲಿದ್ದಾಗ ಗೌತಮ ಗಣಧರರು ಅಲ್ಲಿಗೆ ಬಂದರು. ಏಳಲಾರದ ಆನಂದನು ಅವರನ್ನು ಸಮೀಪಕ್ಕೆ ಬರಮಾಡಿಕೊಂಡು ಪಾದಕ್ಕೆ ವಂದಿಸಿ, ತನಗೆ ದೊರೆತ ಅವಧಿಜ್ಞಾನದ ವಿಸ್ತಾರವನ್ನು ಅರುಹಿದನು. ಗೃಹಸ್ಥನಿಗೆ ಅಷ್ಟು ಜ್ಞಾನ ಸಾಧ್ಯವಿಲ್ಲ, ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದರು ಗೌತಮರು. ಸತ್ಯ ನುಡಿದವನಿಗೆ ಜಿನಶಾಸನದಲ್ಲಿ ಪ್ರಾಯಶ್ಚಿತ್ತವುಂಟೇ ಎಂದು ಆನಂದನು ಕೇಳಿದನು. ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ಪ್ರಾಯಶ್ಚಿತ್ತ ತಮಗೇ ಸಲ್ಲುತ್ತದೆ ಎಂದನು. ಸಂಶಯಕ್ಕೊಳಗಾದ ಗೌತಮರು ಭಗವಾನ್ ಮಹಾವೀರರಲ್ಲಿಗೆ ಹೋಗಿ ನಡೆದುದನ್ನು ನಿವೇದಿಸಿದರು. ಆನಂದನ ಮಾತೇ ಸತ್ಯವೆಂದು ತಿಳಿದೊಡನೆ ಹಿಂದಿರುಗಿ, ಆ ಗೃಹಸ್ಥನಲ್ಲಿ ಕ್ಷಮೆ ಬೇಡಿದರು. ಪಾದಕ್ಕೆ ಎರಗಿದವನು ಸತ್ಯವನ್ನು ಬಿಡಲಿಲ್ಲ. ಪ್ರಥಮ ಗಣಧರರು ಕ್ಷಮೆ ಬೇಡಿದ್ದರಿಂದ ಕಿರಿಯರಾಗಲಿಲ್ಲ.

ಆದರೆ ಶಿಷ್ಯರು ಈ ಕಥೆಯ ಒಂದು ಮುಖವನ್ನಷ್ಟೇ ಹಿಡಿಯಬಾರದು. ಮೇಲಿನ ಉದಾಹರಣೆಯನ್ನೇ ನೋಡಿದರೆ, ಮಹಾವೀರರು ಸ್ಥಾಪಕರಲ್ಲವೆಂಬ ವಿದ್ಯಾರ್ಥಿನಿಯ ಮಾತಿಗೆ ಆಧಾರವಿದೆ. ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿಯವರು 1884 ಮತ್ತು 1895ರಲ್ಲಿ ಪ್ರಕಟಿಸಿದ ಜೈನ ಸೂತ್ರಗಳ ಇಂಗ್ಲಿಷ್ ಅನುವಾದದ ಪೀಠಿಕೆಗಳಲ್ಲಿ, ಜೈನ ಧರ್ಮವು ಬೌದ್ಧ ಧರ್ಮದ ಶಾಖೆಯಲ್ಲವೆಂದೂ ಪಾರ್ಶ್ವನಾಥರು ಐತಿಹಾಸಿಕ ವ್ಯಕ್ತಿಯೆಂಬುದು ಬಹುಸಂಭವವೆಂದೂ ಪ್ರತಿಪಾದಿಸಿದರು. ಆದರೆ ಅದೇ ವಿದ್ಯಾರ್ಥಿನಿ ವೃಷಭದೇವರ ಕಾಲವನ್ನು ಪುರಾಣದಲ್ಲಿದ್ದಂತೆಯೇ ಇತಿಹಾಸದ ಉತ್ತರಪತ್ರಿಕೆಯಲ್ಲಿ ಬರೆದಾಗ, ಶಾಸನವೋ ಉತ್ಖನನದ ಸಾಕ್ಷ್ಯವೋ ಎಲ್ಲಿದೆ ಎಂದು ಪ್ರಾಧ್ಯಾಪಕರು ಕೇಳಿದರೆ ಅದು ಧರ್ಮನಿಂದೆಯಲ್ಲ, ಆ ಶಾಸ್ತ್ರದ ನಿಯಮ. ಶ್ರದ್ಧೆಯ ದೃಷ್ಟಿ ಬೇರೆ, ಇತಿಹಾಸದ ದೃಷ್ಟಿ ಬೇರೆ. ಯಾವ ನಯದಿಂದ ಮಾತನಾಡುತ್ತಿದ್ದೇವೆಂಬುದನ್ನು ಅರಿಯುವುದೇ ಅನೇಕಾಂತ. ಎಲ್ಲರ ಮಾತೂ ಸಮಾನವಾಗಿ ಸರಿ ಎಂದು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ. ವ್ಯಾಪಾರದಲ್ಲಿ ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಯಾರು ಹಿರಿಯರೆಂದು ನೋಡುವುದಿಲ್ಲ, ಯಾರ ಧ್ವನಿ ದೊಡ್ಡದೆಂದೂ ನೋಡುವುದಿಲ್ಲ. ಕಿರ್ದಿ ತೆರೆದು ರಸೀದಿ ನೋಡುತ್ತಾರೆ. ವಿದ್ಯೆಯಲ್ಲಿಯೂ ಹಾಗೆಯೇ.

ಆದುದರಿಂದ ವಿದ್ಯಾರ್ಥಿಯು ತುಂಬಿದ ತರಗತಿಯಲ್ಲಿ ಗುರುವನ್ನು ಸೋಲಿಸಲು ಹವಣಿಸದೆ, ಪಾಠ ಮುಗಿದ ಮೇಲೆ ಗ್ರಂಥ ಸಹಿತ ಹೋಗಿ "ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?" ಎಂದು ಕೇಳುವುದು ಯುಕ್ತ. ಪ್ರಾಧ್ಯಾಪಕರಾದವರು ಪ್ರಶ್ನೆಯನ್ನು ಅವಮಾನವೆಂದು ಭಾವಿಸದೆ, ತಿಳಿಯದಿದ್ದರೆ "ನೋಡಿ ಹೇಳುತ್ತೇನೆ" ಎನ್ನುವುದು ಅವರ ಹಿರಿತನಕ್ಕೆ ಶೋಭೆ. ಅಭಿಪ್ರಾಯಭೇದದ ಸೇಡು ಅಂಕಗಳಲ್ಲಿ ತೀರಿದೆಯೆಂಬ ಬಲವಾದ ಸಂಶಯವಿದ್ದರೆ ಅದಕ್ಕೂ ನ್ಯಾಯದ ದಾರಿಯಿದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ಪರೀಕ್ಷಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಾವಳಿಯಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ದೂರು ಪರಿಹಾರ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದರಿಂದ ಸಮಾಧಾನವಾಗದಿದ್ದರೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಈ ದಾರಿ ಹಿಡಿಯುವುದು ಗುರುದ್ರೋಹವಲ್ಲ. ಬೀದಿಯಲ್ಲಿಯೂ ಮೊಬೈಲಿನಲ್ಲಿಯೂ ಗುರುವಿನ ಹೆಸರು ಕೆಡಿಸುವುದು ಮಾತ್ರ ವಚನದ ಹಿಂಸೆ.

ಪರ್ವ ಮುಗಿದ ಬಳಿಕ ಕ್ಷಮಾವಣಿಯಂದು ಬಂಧುಮಿತ್ರರಲ್ಲಿ ಕ್ಷಮೆ ಯಾಚಿಸುವುದು ವಾಡಿಕೆ. ಜೈನ ಕುಟುಂಬಗಳ ವಿದ್ಯಾರ್ಥಿಗಳು ಅಂದು ತಮ್ಮ ಪ್ರಾಧ್ಯಾಪಕರನ್ನೂ, ಪ್ರಾಧ್ಯಾಪಕರಾಗಿರುವ ಶ್ರಾವಕರು ತಮ್ಮ ವಿದ್ಯಾರ್ಥಿಗಳನ್ನೂ ನೆನೆಯುವುದು ಉಚಿತ. ಕ್ಷಮೆ ಕೇಳಬೇಕಾದುದು ಭಿನ್ನಾಭಿಪ್ರಾಯಕ್ಕಲ್ಲ, ಅದರ ಹೊತ್ತಿನಲ್ಲಿ ಮನದೊಳಗೆ ಎದ್ದ ಕಷಾಯಕ್ಕೆ.

ಜೈ ಜಿನೇಂದ್ರ.