ಬಸುರಿಯ ಮಾತ್ರೆ ಮತ್ತು ನಮ್ಮ ವಿಶ್ವಾಸ



ಕೆಲವು ವರ್ಷಗಳ ಹಿಂದೆ, ಭಾನುವಾರದ ಬಲಿಪೂಜೆಯ ನಂತರ ಯುವತಿಯೊಬ್ಬಳು ಆಶೀರ್ವಾದ ಕೇಳಲು ಬಂದಳು. ಮೂರು ತಿಂಗಳ ಗರ್ಭಿಣಿ. ಚಿಕ್ಕಂದಿನಿಂದಲೂ ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿದ್ದವಳು. "ಫಾದರ್, ಮಗುವಿಗೆ ತೊಂದರೆಯಾಗಬಾರದೆಂದು ಮಾತ್ರೆ ಬಿಟ್ಟಿದ್ದೇನೆ. ಮಾತೆ ಮರಿಯಮ್ಮನವರ ಮೇಲೆ ಭಾರ ಹಾಕಿದ್ದೇನೆ" ಎಂದಳು. ನಾನು ಅವಳ ವಿಶ್ವಾಸವನ್ನು ಮೆಚ್ಚಿಕೊಂಡು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದೆ. ಡಾಕ್ಟರನ್ನು ಕೇಳಿದೆಯಾ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹದಿನೈದು ದಿನಗಳಲ್ಲಿ ಒಲೆಯ ಮುಂದೆ ಫಿಟ್ಸ್ ಬಂದು ಬಿದ್ದಳು, ಕೈ ಸುಟ್ಟಿತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ್ದ ನಾನು ಅಂದು ಆಸ್ಪತ್ರೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದೆ.

ಅವಳ ಭಯವೇನೂ ಸುಳ್ಳಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಮಾರಾಟಕ್ಕೆ ಬಂತು. ನಿದ್ರೆಗೂ ಬಸುರಿಯರ ವಾಕರಿಕೆಗೂ ಅದನ್ನು ಕೊಡುತ್ತಿದ್ದರು. ಯಾವ ಅಪಾಯವೂ ಇಲ್ಲವೆಂದೇ ಪ್ರಚಾರ. 1961ರ ಕೊನೆಯಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಅನಾಹುತ ಹಲವು ದೇಶಗಳಿಗೆ ಹಬ್ಬಿತ್ತು. ಒಟ್ಟು 10,000ಕ್ಕೂ ಹೆಚ್ಚು ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದವು. ಅಮೆರಿಕದಲ್ಲಿ ಮಾತ್ರ ಡಾ. ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಪುರಾವೆ ಸಾಲದೆಂದು ಹಟಹಿಡಿದು ಪರವಾನಗಿ ತಡೆದರು. ಒಬ್ಬಾಕೆ "ಇನ್ನೂ ತಿಳಿಯಬೇಕು" ಎಂದದ್ದರಿಂದ ಎಷ್ಟು ಮನೆಗಳು ಉಳಿದವೋ!

ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಕೂಡ ಹೊಟ್ಟೆಯ ಮಗುವಿನ ಬೆನ್ನುಹುರಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಆದರೆ ತಟ್ಟನೆ ಮಾತ್ರೆ ಬಿಟ್ಟು ಫಿಟ್ಸ್ ಹೆಚ್ಚಾದರೆ ಇಬ್ಬರ ಜೀವಕ್ಕೂ ಕುತ್ತು. ಬದಲಿಸಬೇಕೋ, ಪ್ರಮಾಣ ಇಳಿಸಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು, ಸಾಧ್ಯವಾದರೆ ಗರ್ಭ ನಿಲ್ಲುವ ಮುಂಚೆಯೇ. ಮಗುವಿನ ಹೃದಯ, ಮಿದುಳು, ಕೈಕಾಲು ರೂಪುಗೊಳ್ಳುವುದು ಮೊದಲ ಎರಡು ಮೂರು ತಿಂಗಳಲ್ಲಿ. ಎಷ್ಟೋ ಸ್ತ್ರೀಯರಿಗೆ ಬಸುರೆಂದು ತಿಳಿಯುವ ಮುನ್ನವೇ ಆ ಕೆಲಸ ಶುರುವಾಗಿರುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದು ತಿರುಗುಮುರುಗು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ, ಮಗು ದಪ್ಪವಾಗುತ್ತದೆಂಬ ಹೆದರಿಕೆಗೆ ಡಬ್ಬಿಯಲ್ಲೇ ಉಳಿಯುತ್ತದೆ. ಅತ್ತೆಯ ಮಂಡಿನೋವಿಗೆ ತಂದಿಟ್ಟ ಮಾತ್ರೆಯನ್ನು ಸೊಸೆ ಸೊಂಟನೋವಿಗೆಂದು ನುಂಗುತ್ತಾಳೆ! ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಐದು ತಿಂಗಳ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವೆಂದು ಅವಳಿಗೆ ಹೇಳಿದವರಾರು? ಗಂಡಂದಿರೇ, ಮೆಡಿಕಲ್ ಶಾಪಿಗೆ ಹೋಗುವವರು ಬಹುಮಟ್ಟಿಗೆ ನೀವು. ಹೆಂಡತಿ ಬಸುರಿ ಎಂಬ ಮಾತನ್ನು ಅಲ್ಲಿ ಬಾಯಿಬಿಟ್ಟು ಹೇಳಲು ನಾಚಿಕೆಯೇಕೆ?

ಸಂಸೋನನ ತಾಯಿಗೆ ಪ್ರತ್ಯಕ್ಷನಾದ ದೇವದೂತ ಮಗು ಹುಟ್ಟುವುದೆಂಬ ವಾಗ್ದಾನದ ಜೊತೆಗೆ ದ್ರಾಕ್ಷಾರಸವನ್ನೂ ಮದ್ಯವನ್ನೂ ಮುಟ್ಟಬೇಡವೆಂದು ಪಥ್ಯ ಹೇಳಿದನು. ವಾಗ್ದಾನವಿದ್ದ ಮೇಲೆ ಪಥ್ಯವೇಕೆ ಎಂದು ಆಕೆ ವಾದಿಸಲಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಿನೋಡಿ: ಪ್ರಾರ್ಥಿಸು ಎಂದ ಉಸಿರಿನಲ್ಲೇ ವೈದ್ಯನಿಗೂ ಸ್ಥಳ ಕೊಡು ಎನ್ನುತ್ತದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಯೇಸುವಿಗೆ ಹೇಳಿದವನು ಸೈತಾನ. ಅಂದು ನಾನು ಮೆಚ್ಚಿಕೊಂಡದ್ದು ಇಂಥದೇ ಧುಮುಕುವಿಕೆಯನ್ನು.

ಎರಡನೆಯ ಬಾರಿ ಗಂಡಹೆಂಡತಿ ಒಟ್ಟಿಗೇ ಬಂದರು, ಗರ್ಭ ನಿಲ್ಲುವ ಮುಂಚೆಯೇ. ಆಶೀರ್ವಾದಕ್ಕೆ ಕೈಯೆತ್ತುವ ಮೊದಲು ಕೇಳಿದೆ, "ಡಾಕ್ಟರ್ ಏನಂದರಮ್ಮ?" ಅವಳು ನಕ್ಕು ಚೀಲದಿಂದ ಚೀಟಿ ತೆಗೆದಳು.